ಹವಳದ ದಿಬ್ಬದ ಸಹಪಂಕ್ತಿ ಭೋಜನ

ಮುಂಗಾರು ಹಿಡಿದು ಗದ್ದೆ ಉಳುವ ದಿನಗಳಲ್ಲಿ ನೇಗಿಲಿನ ಹಿಂದೆ ಬೆಳ್ಳಕ್ಕಿಗಳು ಸಾಲುಗಟ್ಟಿ ನಡೆಯುವುದನ್ನು ಕಂಡವರಿಗೆ ಅದರ ಕಾರಣವನ್ನು ಯಾರೂ ವಿವರಿಸಬೇಕಾಗಿಲ್ಲ. ಮಣ್ಣು ಮಗುಚಿದಾಗ ಹುಳು ಮೇಲೆ ಬರುತ್ತದೆ, ಹಕ್ಕಿಗೆ ಹುಡುಕುವ ಶ್ರಮ ಉಳಿಯುತ್ತದೆ. ನೇಗಿಲಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದ ಮೇಲೂ ಬೆಳ್ಳಕ್ಕಿಗಳು ತಮ್ಮ ಪದ್ಧತಿಯನ್ನು ಬಿಟ್ಟಿಲ್ಲ. ಪಶ್ಚಿಮ ಘಟ್ಟದ ಕಾಡಿಗೆ ಹೋದರೆ ಇದೇ ವ್ಯವಹಾರ ಇನ್ನೊಂದು ರೂಪದಲ್ಲಿ ಕಾಣುತ್ತದೆ. ಹಲವು ಜಾತಿಯ ಹಕ್ಕಿಗಳು ಒಂದೇ ಹಿಂಡಾಗಿ ಮರದಿಂದ ಮರಕ್ಕೆ ಸಾಗುತ್ತ ಕೀಟಗಳನ್ನು ಹೆಕ್ಕುತ್ತವೆ. ಅವುಗಳ ನಡುವೆ ಇರುವ ಕಾಜಾಣ, ಉಳಿದವು ಎಬ್ಬಿಸಿದ ಕೀಟವನ್ನು ಗಾಳಿಯಲ್ಲಿಯೇ ಹಿಡಿದು ನುಂಗುತ್ತದೆ. ಗಿಡುಗ ಕಂಡರೆ ಕೂಗಿ ಎಲ್ಲರನ್ನೂ ಎಚ್ಚರಿಸುತ್ತದೆ.

ನೆಲದ ಮೇಲೆ ನಮಗೆ ಇಷ್ಟು ಪರಿಚಿತವಾದ ಈ ಸಂಗತಿ ಕಡಲ ತಳದಲ್ಲಿಯೂ ನಡೆಯುತ್ತದೆ. ಅಲ್ಲಿ ಅದು ಇನ್ನಷ್ಟು ಸಂಕೀರ್ಣವೂ ಆಗಿದೆ. ಸಾಗರತಳದ ಶೇ 1ಕ್ಕಿಂತ ಕಡಿಮೆ ಜಾಗವನ್ನು ಆಕ್ರಮಿಸಿರುವ ಹವಳದ ದಿಬ್ಬಗಳು ಸಾಗರದ ಜೀವಿ ಪ್ರಭೇದಗಳಲ್ಲಿ ಸುಮಾರು ಕಾಲು ಭಾಗಕ್ಕೆ ಆಶ್ರಯ ನೀಡಿವೆ ಎಂಬುದು ವಿಜ್ಞಾನಿಗಳ ಅಂದಾಜು. ಇಷ್ಟು ಇಕ್ಕಟ್ಟಿನ ಜಾಗದಲ್ಲಿ ಇಷ್ಟೊಂದು ಬಗೆಯ ಜೀವಿಗಳು ಹೊಟ್ಟೆ ಹೊರೆಯಬೇಕಾದರೆ ಅವು ಪರಸ್ಪರರನ್ನು ಗಮನಿಸದೆ ಇರಲಾರವು. ಈ ವಿಷಯದ ಅಧ್ಯಯನಗಳನ್ನು ಓದುತ್ತ ಹೋದಂತೆ ನನಗೆ ಇದು ಕೇವಲ ಸ್ವಾರಸ್ಯದ ಸಂಗತಿ ಎನ್ನಿಸಲಿಲ್ಲ. ನಮ್ಮ ಕರಾವಳಿಯಿಂದ ದೂರವಿಲ್ಲದ ಲಕ್ಷದ್ವೀಪದ ಭವಿಷ್ಯಕ್ಕೂ ಹವಳದ ಮೀನುಗಳು ಹೇಗೆ ಒಟ್ಟಾಗಿ ಉಣ್ಣುತ್ತವೆ ಎಂಬ ಪ್ರಶ್ನೆಗೂ ನೇರವಾದ ಸಂಬಂಧವಿದೆ.

ಮೊದಲು ಕಡಲಿನ ನೇಗಿಲನ್ನು ನೋಡೋಣ. ಗೋಟ್‌ಫಿಶ್ ಎಂಬ ಮೀನಿಗೆ ಮೇಕೆಯ ಗಡ್ಡದಂತೆ ಗಲ್ಲದ ಕೆಳಗೆ ಎರಡು ಮೀಸೆಗಳಿವೆ. ಅವು ಅಲಂಕಾರಕ್ಕಲ್ಲ. ರುಚಿಯನ್ನು ಗ್ರಹಿಸುವ ಶಕ್ತಿ ಅವುಗಳಿಗಿದೆ. ಮರಳಿನೊಳಗೆ ಮೀಸೆ ತೂರಿಸಿ, ಅಡಗಿರುವ ಸಿಗಡಿ, ಹುಳು, ಸಣ್ಣ ಏಡಿಗಳನ್ನು ಅದು ಪತ್ತೆಹಚ್ಚುತ್ತದೆ. ಹೀಗೆ ಕೆದಕುವಾಗ ಮರಳು ಹೊಗೆಯಂತೆ ಮೇಲೇಳುತ್ತದೆ, ಅದರೊಂದಿಗೆ ಗಾಬರಿಗೊಂಡ ಸಣ್ಣ ಜೀವಿಗಳೂ ಹೊರಬರುತ್ತವೆ. ಆ ಹೊಗೆಯನ್ನು ಕಂಡೊಡನೆ ಬೇರೆ ಬೇರೆ ಜಾತಿಯ ಮೀನುಗಳು ಸುತ್ತ ನೆರೆಯುತ್ತವೆ. ಬ್ರೆಜಿಲ್ ದೇಶದ ಫರ್ನಾಂಡೊ ಡಿ ನೊರೊನ್ಯಾ ದ್ವೀಪಗಳಲ್ಲಿ ವಿಜ್ಞಾನಿಗಳು ಈ ಹಿಂಬಾಲಕರನ್ನು ವಿವರವಾಗಿ ದಾಖಲಿಸಿದ್ದಾರೆ. ಕೆದಕುವವನನ್ನು ಅವರು 'ಕೇಂದ್ರ ಪ್ರಭೇದ' ಎಂದೂ ಹಿಂದೆ ಬರುವವರನ್ನು 'ಅನುಚರ'ರೆಂದೂ ಕರೆಯುತ್ತಾರೆ. ಎತ್ತಿನ ಹಿಂದೆ ನಡೆಯುವ ಬೆಳ್ಳಕ್ಕಿಯೂ ಇದೇ ಅರ್ಥದಲ್ಲಿ ಅನುಚರನೇ. ಇಲ್ಲಿ ಲಾಭವೆಲ್ಲ ಬಹುಮಟ್ಟಿಗೆ ಅನುಚರನದು.

ಆದರೆ ಸಸ್ಯಾಹಾರಿ ಮೀನುಗಳ ಗುಂಪಿನಲ್ಲಿ ಲೆಕ್ಕ ಬೇರೆ. ಹವಳದ ದಿಬ್ಬದ ಮೇಲೆ ಪಾಚಿ ಬೆಳೆಯುತ್ತದೆ. ಡ್ಯಾಮ್ಸೆಲ್ ಎಂಬ ಪುಟ್ಟ ಮೀನುಗಳಲ್ಲಿ ಕೆಲವು ಅಂಗೈಯಗಲದ ಪಾಚಿಯ ತೋಟಗಳನ್ನು ತಮ್ಮದಾಗಿಸಿಕೊಂಡು ಕಾಯುತ್ತವೆ. ತಮಗಿಂತ ಹಲವು ಪಟ್ಟು ದೊಡ್ಡದಾದ ಗಿಳಿಮೀನು ಒಂಟಿಯಾಗಿ ಬಂದರೂ ಕಚ್ಚಿ ಓಡಿಸುವಷ್ಟು ಅವು ಸಿಡುಕು ಸ್ವಭಾವದವು. ಒಂಟಿ ಗಿಳಿಮೀನಿಗೆ ಅಲ್ಲಿ ಒಂದು ತುತ್ತೂ ದಕ್ಕುವುದಿಲ್ಲ. ಡಿ.ಆರ್. ರಾಬರ್ಟ್‌ಸನ್ ಮತ್ತು ಸಂಗಡಿಗರು ಪನಾಮಾದ ಕೆರಿಬಿಯನ್ ತೀರದಲ್ಲಿ ಅಧ್ಯಯನ ನಡೆಸಿ 1976ರಲ್ಲಿ ಪ್ರಕಟಿಸಿದ ಲೇಖನ ಈ ಒಗಟನ್ನು ಬಿಡಿಸಿತು. ಪಟ್ಟೆ ಗಿಳಿಮೀನುಗಳು ಗುಂಪುಗೂಡಿ ಬಂದಾಗ ಡ್ಯಾಮ್ಸೆಲ್ ಒಂದನ್ನು ಅಟ್ಟಿಸಿಕೊಂಡು ಹೋಗುತ್ತದೆ, ಅಷ್ಟರಲ್ಲಿ ಉಳಿದವು ತೋಟವನ್ನು ಮೇಯುತ್ತವೆ. ಸರ್ಜನ್ ಮೀನಿನಂಥ ಅನ್ಯ ಜಾತಿಯವೂ ಈ ಗುಂಪಿನೊಂದಿಗೆ ಬೆರೆತು ಮೇಯುತ್ತವೆ. ಹೊಲದ ಕಾವಲುಗಾರ ಒಂದು ದನವನ್ನು ಓಡಿಸಬಲ್ಲ, ಊರ ಮಂದೆಯನ್ನು ಒಬ್ಬನೇ ಓಡಿಸಲಾರ. ಇಲ್ಲಿ ನಡೆಯುವುದೂ ಅದೇ. ಗುಂಪು ಇಲ್ಲದಿದ್ದರೆ ಊಟವೂ ಇಲ್ಲ.

ಬೇಟೆಗಾರ ಮೀನುಗಳ ಕತೆ ಇದಕ್ಕಿಂತ ಬೆರಗಿನದು. ಗ್ರೂಪರ್ ಎಂಬ ದೊಡ್ಡ ಬಾಯಿಯ ಮೀನು ನಮ್ಮ ಕರಾವಳಿಯ ಪೇಟೆಗಳಲ್ಲಿ ಸಿಗುವ ಮುರುಮೀನಿನ ಬಳಗದ್ದು. ಹಗಲು ಹೊತ್ತಿನಲ್ಲಿ ತೆರೆದ ನೀರಿನಲ್ಲಿ ನುಗ್ಗಿ ಬೇಟೆಯಾಡುವುದು ಅದರ ರೀತಿ. ಬೇಟೆ ಹವಳದ ಬಿರುಕಿನೊಳಗೆ ನುಸುಳಿದರೆ ಅದು ಕೈಚೆಲ್ಲಬೇಕಾಗುತ್ತದೆ. ಮೊರೆ ಎಂಬ ಹಾವುಮೀನಿನ ರೀತಿ ಇದಕ್ಕೆ ತದ್ವಿರುದ್ಧ. ಅದು ಸಾಮಾನ್ಯವಾಗಿ ರಾತ್ರಿಯಲ್ಲಿ ಬಿರುಕುಗಳೊಳಗೆ ತೆವಳಿ ಬೇಟೆ ಹಿಡಿಯುತ್ತದೆ. ಇವೆರಡೂ ಕೂಡಿದರೆ ಸಣ್ಣ ಮೀನಿಗೆ ಒಳಗೂ ಉಳಿಗಾಲವಿಲ್ಲ, ಹೊರಗೂ ಉಳಿಗಾಲವಿಲ್ಲ. ರೆಡೊವಾನ್ ಬ್ಶಾರಿ ಮತ್ತು ಸಹೋದ್ಯೋಗಿಗಳು ಕೆಂಪು ಸಮುದ್ರದಲ್ಲಿ ಕಂಡು 2006ರಲ್ಲಿ ವರದಿ ಮಾಡಿದ್ದು ಇದನ್ನೇ. ಹಸಿದ ಗ್ರೂಪರ್, ಹಗಲಿನಲ್ಲಿ ವಿಶ್ರಮಿಸುತ್ತಿರುವ ಹಾವುಮೀನಿನ ಬಿಲದ ಬಳಿಗೆ ಹೋಗಿ ಅದರ ಮುಖದೆದುರು ತಲೆಯನ್ನು ಪಟಪಟನೆ ಅಲುಗಿಸುತ್ತದೆ. ಎಷ್ಟೋ ಸಲ ಹಾವುಮೀನು ಹೊರಬಂದು ಅದರ ಜೊತೆಯಲ್ಲಿ ಹೊರಡುತ್ತದೆ. ಬೇರೆ ಬೇರೆ ಜಾತಿಯ ಎರಡು ಮೀನುಗಳು ಸನ್ನೆಯ ಮೂಲಕ ಒಪ್ಪಂದಕ್ಕೆ ಬಂದು ಬೇಟೆಗೆ ಹೊರಡುವುದೆಂದರೆ ಅದು ಅಂದಿನವರೆಗೆ ಮೀನಿನ ಬುದ್ಧಿಗೆ ನಿಲುಕದ್ದು ಎಂದು ತಿಳಿದಿದ್ದ ಸಂಗತಿ.

ಮುಂದಿನ ಅಧ್ಯಯನಗಳು ಈ ಬೆರಗನ್ನು ಹೆಚ್ಚಿಸಿದವು. ಬೇಟೆ ಬಿರುಕಿನಲ್ಲಿ ಅಡಗಿದಾಗ ಗ್ರೂಪರ್ ಆ ಜಾಗದ ಮೇಲೆ ತಲೆಕೆಳಗಾಗಿ ನಿಂತು 'ಇಲ್ಲಿದೆ ನೋಡು' ಎಂಬಂತೆ ಸಂಜ್ಞೆ ಮಾಡುತ್ತದೆ ಎಂದು 2013ರಲ್ಲಿ ಪ್ರಕಟವಾಯಿತು. ಬೆರಳಿಲ್ಲದ ಪ್ರಾಣಿ ಬೆರಳು ತೋರಿಸುವ ಬಗೆ ಇದು. ಸಂಜ್ಞೆಯನ್ನು ನೋಡಿ ಹಾವುಮೀನಷ್ಟೇ ಅಲ್ಲ, ದೈತ್ಯ ಗಾತ್ರದ ನೆಪೋಲಿಯನ್ ರಾಸ್ ಮೀನೂ ಬರುವುದುಂಟು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಈ ಗ್ರೂಪರಿನ ಬಂಧು ಕೋರಲ್ ಟ್ರೌಟ್ ಆಕ್ಟೋಪಸ್‌ಗೆ ಇದೇ ಸನ್ನೆ ಮಾಡುತ್ತದೆ. ಅದೇ ತಂಡ ಕೋರಲ್ ಟ್ರೌಟ್‌ಗಳ ಮೇಲೆ ನಡೆಸಿದ ಪ್ರಯೋಗದ ವಿವರ 2014ರಲ್ಲಿ ಹೊರಬಂತು. ಚೆನ್ನಾಗಿ ಸಹಕರಿಸುವ ಒಂದು ಹಾವುಮೀನಿನ ಪ್ರತಿಕೃತಿ, ಸಹಕರಿಸದ ಇನ್ನೊಂದು ಪ್ರತಿಕೃತಿ ಹೀಗೆ ಎರಡನ್ನು ಮುಂದಿಟ್ಟಾಗ, ಮೀನುಗಳು ಬಹುಬೇಗ ಕಲಿತು ಮೊದಲನೆಯದನ್ನೇ ಹೆಚ್ಚು ಆರಿಸಿಕೊಂಡವು. ಇಂಥ ಆಯ್ಕೆಯಲ್ಲಿ ಅವು ಚಿಂಪಾಂಜಿಗಳಿಗೆ ಹೋಲಿಸಬಹುದಾದ ಮಟ್ಟದಲ್ಲಿದ್ದವು. ಯಾವಾಗ ಜೊತೆ ಬೇಕು, ಯಾರ ಜೊತೆ ಬೇಕು ಎಂಬ ಎರಡು ಪ್ರಶ್ನೆಗಳಿಗೂ ಮೀನಿನ ಬಳಿ ಉತ್ತರವಿತ್ತು.

ಆಕ್ಟೋಪಸ್ ಸೇರಿದ ಗುಂಪುಗಳಲ್ಲಿ ಶಿಸ್ತುಕ್ರಮವೂ ಉಂಟು. ಎಡುವಾರ್ಡೊ ಸಂಪಾಯೊ ಮತ್ತು ಸಂಗಡಿಗರು ಕೆಂಪು ಸಮುದ್ರದಲ್ಲಿ ಸುಮಾರು 120 ಗಂಟೆ ನೀರಿನಡಿ ಕಳೆದು, 13 ಸಾಮೂಹಿಕ ಬೇಟೆಗಳನ್ನು ಹಲವು ಕ್ಯಾಮೆರಾಗಳಲ್ಲಿ ಸೆರೆಹಿಡಿದು, 2024ರಲ್ಲಿ ವಿಶ್ಲೇಷಣೆ ಪ್ರಕಟಿಸಿದರು. ಆಕ್ಟೋಪಸ್ ನಾಯಕ, ಮೀನುಗಳು ಬಾಲಬಡುಕರು ಎಂಬ ಹಳೆಯ ಎಣಿಕೆ ಅಲ್ಲಿ ನಿಲ್ಲಲಿಲ್ಲ. ಮುಂದೆ ಸಾಗಿ ಜಾಗಗಳನ್ನು ಪರಿಶೀಲಿಸುವ ಕೆಲಸ ಹೆಚ್ಚಾಗಿ ಗೋಟ್‌ಫಿಶ್‌ಗಳದ್ದು. ಅವು ತೋರಿದ ದಿಕ್ಕುಗಳಲ್ಲಿ ಯಾವುದಕ್ಕೆ ಹೋಗಬೇಕು, ಯಾವಾಗ ಹೊರಡಬೇಕು ಎಂಬ ತೀರ್ಮಾನ ಆಕ್ಟೋಪಸ್‌ನದು. ಏನೂ ದುಡಿಯದೆ ಹತ್ತಿರ ಸುಳಿದು ಬೇಟೆಗೆ ಕಾದು ನಿಲ್ಲುವ ಒಂದು ಜಾತಿಯ ಗ್ರೂಪರಿಗೆ ಆಕ್ಟೋಪಸ್ ತೋಳು ಬೀಸಿ ಗುದ್ದುವುದೂ ದಾಖಲಾಗಿದೆ. ಗುದ್ದು ಹೆಚ್ಚಾಗಿ ಬೀಳುವುದು ಮೈಗಳ್ಳರಿಗೆ ಎಂಬುದನ್ನು ಓದಿದಾಗ ನಮ್ಮ ಕಚೇರಿಗಳು ನೆನಪಾಗಿ ನಗು ಬಂದರೆ ತಪ್ಪಲ್ಲ.

ಇಷ್ಟನ್ನು ಓದಿ, ಜಾತಿಭೇದ ಮರೆತ ಸಹಪಂಕ್ತಿ ಭೋಜನವೊಂದು ಕಡಲ ತಳದಲ್ಲಿ ಸಾಂಗವಾಗಿ ನಡೆದಿದೆ ಎಂದು ಭಾವಿಸಿ ಮೈಮರೆಯುವ ಅಪಾಯವಿದೆ. ಆ ಹೆಸರನ್ನು ನಾನು ಬಳಸಿದ್ದೇನಾದರೂ ಅದರ ಮಿತಿಯನ್ನು ಹೇಳಿಬಿಡಬೇಕು. ಗ್ರೂಪರ್ ಮತ್ತು ಹಾವುಮೀನು ಬೇಟೆಯನ್ನು ಹಂಚಿಕೊಳ್ಳುವುದಿಲ್ಲ. ಹಿಡಿದವರು ಇಡಿಯಾಗಿ ನುಂಗುತ್ತಾರೆ, ಅಷ್ಟೆ. ಹಲವು ಸಲ ಕೂಡಿ ಹೋದರೆ ಇಬ್ಬರಿಗೂ ಆಗಾಗ ಸಿಗುತ್ತದೆ ಎಂಬುದೇ ಈ ಸ್ನೇಹದ ಬುನಾದಿ. ಕೆಲವು ಕೂಟಗಳಲ್ಲಿ ಮೋಸವೂ ಇದೆ. ಕೆರಿಬಿಯನ್‌ನ ತುತ್ತೂರಿ ಮೀನು ನಿರುಪದ್ರವಿಯಾದ ಗಿಳಿಮೀನಿನ ಮೈಗೆ ಅಂಟಿಕೊಂಡಂತೆ ಈಜುತ್ತ, ಅದರ ಮರೆಯಲ್ಲಿ ತನ್ನ ಬೇಟೆಯ ಸಮೀಪಕ್ಕೆ ಬರುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಕುರಸಾವ್ ದ್ವೀಪದ ಬಳಿ ಕೃತಕ ಮೀನುಗಳನ್ನು ದಾರದ ಮೇಲೆ ಸಾಗಿಸಿ ಇದನ್ನು ಪರೀಕ್ಷಿಸಿದರು. ತುತ್ತೂರಿ ಮೀನಿನ ಪ್ರತಿಕೃತಿ ಒಂಟಿಯಾಗಿ ಬಂದಾಗ ಡ್ಯಾಮ್ಸೆಲ್‌ಗಳು ಚುರುಕಾಗಿ ಪ್ರತಿಕ್ರಿಯಿಸಿದವು. ಗಿಳಿಮೀನಿನ ಪಕ್ಕಕ್ಕೆ ಜೋಡಿಸಿದಾಗ ಅಷ್ಟಾಗಿ ಎಚ್ಚರಗೊಳ್ಳಲಿಲ್ಲ. 2023ರಲ್ಲಿ ಪ್ರಕಟವಾದ ಈ ಫಲಿತಾಂಶ, ಹಳ್ಳಿಯ ಬೇಟೆಗಾರ ಎತ್ತಿನ ಮರೆಯಲ್ಲಿ ಹಕ್ಕಿಗಳ ಹತ್ತಿರ ಸರಿಯುವ ಉಪಾಯವನ್ನು ನೆನಪಿಸುತ್ತದೆ. ಆದ್ದರಿಂದ ಮೀನುಗಳಿಂದ ನಾವು ಕಲಿಯಬೇಕಾದುದು ನೀತಿಪಾಠವನ್ನಲ್ಲ. ಕಲಿಯಬೇಕಾದುದು ಲೆಕ್ಕವನ್ನು.

ಆ ಲೆಕ್ಕವನ್ನು ಸ್ಪಷ್ಟವಾಗಿ ಮುಂದಿಟ್ಟವರು ಮೈಕೆಲ್ ಗಿಲ್ ಮತ್ತು ಆಂಡ್ರ್ಯೂ ಹೈನ್. ಶಾಂತಸಾಗರದ ಮೂರಿಯಾ ದ್ವೀಪದ ಹವಳದ ದಿಬ್ಬಗಳಲ್ಲಿ ಕ್ಯಾಮೆರಾ ಇರಿಸಿ, ಪಾಚಿ ಮೇಯುವ ಬೇರೆ ಬೇರೆ ಜಾತಿಯ ಮೀನುಗಳ ಚಲನವಲನವನ್ನು ಅವರು ಅಳೆದರು. ಮೇವಿರುವ ಬಯಲು ಜಾಗ ಅಪಾಯದ ಜಾಗವೂ ಹೌದು. ಅಲ್ಲಿ ಬೇರೆ ಮೀನುಗಳು ಮೇಯುತ್ತಿರುವುದನ್ನು ಕಂಡರೆ ಇನ್ನೊಂದು ಮೀನು ಧೈರ್ಯದಿಂದ ಬಂದು ಹೆಚ್ಚು ಮೇಯುತ್ತದೆ. ಇತರರು ಜಾಗ ಖಾಲಿ ಮಾಡಿದರೆ ತಾನೂ ಕಾಲು ಕೀಳುತ್ತದೆ. ಯಾವ ಜಾತಿ ಎಂಬುದು ಇಲ್ಲಿ ಅಡ್ಡಿಯಾಗದು. 2017ರಲ್ಲಿ ಪ್ರಕಟವಾದ ಈ ಅಧ್ಯಯನದ ಸಾರ ಸರಳವಾಗಿದೆ. ನೂರು ಮೀನುಗಳಲ್ಲಿ ಐವತ್ತನ್ನು ಹಿಡಿದರೆ ಮೇಯುವ ಕೆಲಸ ಅರ್ಧಕ್ಕೆ ಇಳಿಯುತ್ತದೆ ಎಂದು ನಾವು ಎಣಿಸುತ್ತೇವೆ. ವಾಸ್ತವದಲ್ಲಿ ಅದು ಅರ್ಧಕ್ಕಿಂತಲೂ ಕೆಳಗೆ ಕುಸಿಯುತ್ತದೆ, ಏಕೆಂದರೆ ಉಳಿದ ಐವತ್ತಕ್ಕೆ ಮೊದಲಿನ ಧೈರ್ಯವಿರುವುದಿಲ್ಲ. ಅವರ ಗಣಿತದ ಮಾದರಿ ಇನ್ನೊಂದು ಎಚ್ಚರಿಕೆಯನ್ನೂ ನೀಡಿತು. ಎಷ್ಟು ಮೀನು ಹಿಡಿಯುತ್ತೇವೆ ಎಂಬುದರಷ್ಟೇ ಮುಖ್ಯ, ಎಷ್ಟು ವೇಗವಾಗಿ ಹಿಡಿಯುತ್ತೇವೆ ಎಂಬುದು. ವೇಗ ಮಿತಿಮೀರಿದರೆ ಹವಳದ ದಿಬ್ಬ ಮರಳಿ ಏಳಲಾಗದಂತೆ ಪಾಚಿಯ ಪಾಲಾಗಬಹುದು.

ಹಾಗಾದರೆ ಏನಾಗುತ್ತದೆ ಎಂಬುದಕ್ಕೆ ಜಮೈಕಾ ಸಾಕ್ಷಿಯಾಗಿದೆ. ಅಲ್ಲಿ ದಶಕಗಳ ಕಾಲ ನಡೆದ ಮಿತಿಮೀರಿದ ಮೀನುಗಾರಿಕೆ ಪಾಚಿ ತಿನ್ನುವ ಮೀನುಗಳನ್ನು ವಿರಳಗೊಳಿಸಿತ್ತು. 1980ರಲ್ಲಿ ಅಲೆನ್ ಚಂಡಮಾರುತ ಹವಳಗಳನ್ನು ಪುಡಿಮಾಡಿತು. ಆಗಲೂ ಮೈತುಂಬ ನೀಳ ಮುಳ್ಳುಗಳ ಸೀ ಅರ್ಚಿನ್ ಎಂಬ ಗುಂಡನೆಯ ಜೀವಿ ಪಾಚಿ ಮೇಯುತ್ತ ಹವಳಕ್ಕೆ ಉಸಿರಾಡಲು ಜಾಗ ಉಳಿಸಿತ್ತು. 1983ರಲ್ಲಿ ಪನಾಮಾದ ಬಳಿ ಕಾಣಿಸಿಕೊಂಡ ರೋಗವೊಂದು ಕೆರಿಬಿಯನ್‌ನಾದ್ಯಂತ ಹಬ್ಬಿ ಈ ಜೀವಿಗಳಲ್ಲಿ ಶೇ 90ಕ್ಕಿಂತ ಹೆಚ್ಚಿನವನ್ನು ಅಳಿಸಿಹಾಕಿತು. ಆಮೇಲೆ ಮೇಯಲು ಯಾರೂ ಉಳಿಯಲಿಲ್ಲ. 1970ರ ದಶಕದ ಕೊನೆಯಲ್ಲಿ ಶೇ 50ಕ್ಕಿಂತ ಹೆಚ್ಚಿದ್ದ ಜಮೈಕಾದ ಹವಳದ ಹೊದಿಕೆ 1990ರ ದಶಕದ ಆರಂಭಕ್ಕೆ ಶೇ 5ಕ್ಕಿಂತ ಕೆಳಗಿಳಿಯಿತು. ಪಾಚಿಯ ಹೊದಿಕೆ ಶೇ 4ರಿಂದ ಶೇ 92ಕ್ಕೇರಿತು. ಟೆರಿ ಹ್ಯೂಸ್ 1994ರಲ್ಲಿ ಪ್ರಕಟಿಸಿದ ಈ ಅಂಕಿಗಳು ಹವಳ ವಿಜ್ಞಾನದಲ್ಲಿ ಇಂದಿಗೂ ಉಲ್ಲೇಖವಾಗುವ ದುರಂತಕಥೆ. ಒಂದು ಬಗೆಯ ಮೇಯುವವರು ಹೋದಾಗ ಇನ್ನೊಂದು ಬಗೆ ಕೆಲಸ ಸಾಗಿಸಿತು. ಆ ಇನ್ನೊಂದೂ ಹೋದಾಗ ಬದಲಿಗೆ ಯಾರೂ ಇರಲಿಲ್ಲ.

ಈ ಹಿನ್ನೆಲೆಯಲ್ಲಿ ಲಕ್ಷದ್ವೀಪವನ್ನು ನೋಡಬೇಕು. ಒಟ್ಟು 32 ಚದರ ಕಿಲೊಮೀಟರ್ ನೆಲ, ಜನವಸತಿ ಇರುವ ಹತ್ತು ದ್ವೀಪಗಳು, 2011ರ ಜನಗಣತಿಯಂತೆ ಸುಮಾರು 64 ಸಾವಿರ ಜನ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ತೆಂಗಿನ ನಾರು ಹೊತ್ತ ಅಲ್ಲಿಯ ಹಾಯಿಹಡಗುಗಳು ಮಂಗಳೂರಿಗೆ ಬಂದು ಅಕ್ಕಿ ಕೊಂಡೊಯ್ಯುತ್ತಿದ್ದವು. ಆ ದ್ವೀಪಗಳ ನೀರನ್ನು ದಶಕಗಳಿಂದ ಅಧ್ಯಯನ ಮಾಡುತ್ತಿರುವ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಎಂಬ ಸಂಸ್ಥೆಯ ನೆಲೆ ನಮ್ಮ ಮೈಸೂರಿನಲ್ಲಿದೆ.

ಲಕ್ಷದ್ವೀಪದ ಹವಳಗಳು 1998, 2010, 2016ರಲ್ಲಿ ಸಮುದ್ರದ ತಾಪ ಏರಿ ಬಿಳುಚಿಕೊಂಡವು. 2024ರಲ್ಲಿ ಮತ್ತೆ ಬಿಳುಚಿದವು. 1998ರಲ್ಲಿ ಸುಮಾರು ಶೇ 37ರಷ್ಟಿದ್ದ ಹವಳದ ಹೊದಿಕೆ 2022ರ ಹೊತ್ತಿಗೆ ಶೇ 20ಕ್ಕಿಂತ ಕೆಳಗಿಳಿದಿದೆ. ಇಷ್ಟಾದರೂ ಅಲ್ಲಿ ಜಮೈಕಾದಂತೆ ಪಾಚಿ ವಿಜೃಂಭಿಸಲಿಲ್ಲ. 1998ರ ಆಘಾತದ ನಂತರ ರೋಹನ್ ಆರ್ಥರ್ ಮತ್ತು ಸಹೋದ್ಯೋಗಿಗಳು ನಡೆಸಿದ ಅಧ್ಯಯನಗಳು ಇದಕ್ಕೆ ಕಾರಣವನ್ನು ಸೂಚಿಸುತ್ತವೆ. ಗಿಳಿಮೀನು, ಸರ್ಜನ್ ಮೀನುಗಳ ಸಂಖ್ಯೆ ಅಲ್ಲಿ ಸಮೃದ್ಧವಾಗಿತ್ತು, ಅವು ಸತ್ತ ಹವಳದ ಮೇಲಿನ ಪಾಚಿಯನ್ನು ಬೆಳೆಯಗೊಡಲಿಲ್ಲ. ಆ ಸಮೃದ್ಧಿಗೆ ದ್ವೀಪವಾಸಿಗಳ ಮೀನುಗಾರಿಕೆಯ ಕ್ರಮವೇ ಬಹುಪಾಲು ಕಾರಣ. ಅವರ ಮುಖ್ಯ ಕಸುಬು ಹವಳದ ದಿಬ್ಬದಾಚೆಯ ತೆರೆದ ಕಡಲಿನಲ್ಲಿ ಕೋಲು ಮತ್ತು ಗಾಳದಿಂದ ಟ್ಯೂನಾ ಹಿಡಿಯುವುದು. ದಿಬ್ಬದ ಮೀನು ಮನೆಯ ಅಡುಗೆಗೆ ಬೇಕಾದಷ್ಟೇ ಬಲೆಗೆ ಬೀಳುತ್ತಿತ್ತು.

ಈ ಸಮತೋಲನ ಈಗ ಅಲುಗಾಡುತ್ತಿದೆ. ಹವಳದ ದಿಬ್ಬದ ಮೀನುಗಳಿಗೆ ಹೊರಗಿನ ಪೇಟೆಯ ಬೇಡಿಕೆ ಬಂದಿದೆ. ಗ್ರೂಪರ್‌ಗೆ ಒಳ್ಳೆಯ ಬೆಲೆಯಿದೆ. ಅದು ಸಂತಾನಕ್ಕಾಗಿ ನಿರ್ದಿಷ್ಟ ಜಾಗದಲ್ಲಿ, ನಿರ್ದಿಷ್ಟ ದಿನಗಳಲ್ಲಿ ಗುಂಪುಗೂಡುವ ಮೀನು. ಬಿತ್ರದ ಬಳಿ ಅಂಥ ದೊಡ್ಡ ಸಂತೆಯೊಂದು ನೆರೆಯುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಹೀಗೆ ನೆರೆದ ಮೀನನ್ನು ಕೆಲವೇ ದಿನಗಳಲ್ಲಿ ಬಾಚಿಕೊಳ್ಳಬಹುದು. ಗಿಲ್ ಮತ್ತು ಹೈನ್ ಎಚ್ಚರಿಸಿದ 'ವೇಗ' ಎಂದರೆ ಇದೇ. ಪ್ರವಾಸೋದ್ಯಮ ಬೆಳೆಯಬೇಕೆಂಬ ಉತ್ಸಾಹ 2024ರ ನಂತರ ಇಮ್ಮಡಿಸಿದೆ. ಬರುವ ಪ್ರವಾಸಿಗರ ತಟ್ಟೆಗೆ ಯಾವ ಮೀನು ಬೀಳಬೇಕು ಎಂಬ ಪ್ರಶ್ನೆಯನ್ನು ಈಗಲೇ ಕೇಳಬೇಕಾಗಿದೆ.

ದ್ವೀಪದ ನೆಲವೇ ಮೀನಿನ ಕೊಡುಗೆ ಎಂಬುದನ್ನು ನಾವು ಮರೆಯಬಾರದು. ಗಿಳಿಮೀನು ಕೊಕ್ಕಿನಂಥ ಹಲ್ಲಿನಿಂದ ಬಂಡೆಯನ್ನು ಕೆರೆದು ಪಾಚಿ ತಿನ್ನುವಾಗ ಸುಣ್ಣದ ಅಂಶವನ್ನೂ ನುಂಗಿ, ಅರೆದು, ಮರಳಾಗಿ ವಿಸರ್ಜಿಸುತ್ತದೆ. ಮಾಲ್ದೀವ್ಸ್‌ನ ವಕ್ಕರು ದ್ವೀಪದ ದಿಬ್ಬದಲ್ಲಿ ಹೊಸದಾಗಿ ಉತ್ಪತ್ತಿಯಾಗುವ ಮರಳಿನ ಶೇ 85ಕ್ಕೂ ಹೆಚ್ಚು ಭಾಗ ಗಿಳಿಮೀನುಗಳಿಂದ ಬರುತ್ತದೆ ಎಂದು 2015ರ ಅಧ್ಯಯನವೊಂದು ತೋರಿಸಿದೆ. ಲಕ್ಷದ್ವೀಪವೂ ಅದೇ ಬಗೆಯ ಹವಳದ್ವೀಪಗಳ ಸರಣಿಯಲ್ಲಿದೆ. ಕಡಲಮಟ್ಟದಿಂದ ಕೆಲವೇ ಮೀಟರ್ ಎತ್ತರದಲ್ಲಿರುವ ಆ ನೆಲಕ್ಕೆ ಹವಳದ ದಿಬ್ಬವೇ ತಡೆಗೋಡೆ. ದಿಬ್ಬ ಸವೆದರೆ ಅಲೆ ನೇರವಾಗಿ ಅಂಗಳಕ್ಕೆ ಬರುತ್ತದೆ.

ನಮ್ಮ ಕಾನೂನಿನಲ್ಲಿ ಹವಳಕ್ಕೆ ರಕ್ಷಣೆಯಿದೆ. 2001ರಿಂದ ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ. ಹವಳವನ್ನು ಕಿತ್ತರೆ ಅಪರಾಧ. ಆದರೆ ಹವಳವನ್ನು ದಿನವಿಡೀ ಶುಚಿಮಾಡುವ ಸಾಮಾನ್ಯ ಗಿಳಿಮೀನಿಗೆ ಆ ಮಟ್ಟದ ರಕ್ಷಣೆ ಇಲ್ಲ. ದೇವಸ್ಥಾನಕ್ಕೆ ಕಾವಲಿಟ್ಟು, ಗುಡಿಸುವವರನ್ನು ಮನೆಗೆ ಕಳಿಸಿದಂತಾಯಿತು ಇದು. ಬೆಲೀಜ್ ದೇಶ 2009ರಲ್ಲಿ ಗಿಳಿಮೀನು ಮತ್ತಿತರ ಸಸ್ಯಾಹಾರಿ ಮೀನುಗಳನ್ನು ಹಿಡಿಯುವುದನ್ನು ನಿಷೇಧಿಸಿತು. ಬೊನೇರ್ ದ್ವೀಪ 2010ರಲ್ಲಿ ಗಿಳಿಮೀನಿನ ಬೇಟೆಯನ್ನು ನಿಲ್ಲಿಸಿತು. ಇವೆರಡೂ ಪ್ರವಾಸಿಗರನ್ನು ನಂಬಿರುವ ಪುಟ್ಟ ನಾಡುಗಳೇ. ಹವಳ ಸತ್ತರೆ ಪ್ರವಾಸಿಗರೂ ಬರುವುದಿಲ್ಲ ಎಂಬುದನ್ನು ಅವು ಕಂಡುಕೊಂಡವು.

ಲಕ್ಷದ್ವೀಪದಲ್ಲಿ ಆಗಬೇಕಾದುದು ದೊಡ್ಡ ಹಣದ ಕೆಲಸವಲ್ಲ. ಗಿಳಿಮೀನು, ಸರ್ಜನ್ ಮೀನುಗಳ ವಾಣಿಜ್ಯ ಮಾರಾಟಕ್ಕೆ ತಡೆ ಹಾಕಬಹುದು. ಗ್ರೂಪರ್‌ಗಳು ಸಂತಾನಕ್ಕೆ ನೆರೆಯುವ ದಿನಗಳಲ್ಲಿ ಆ ಜಾಗಗಳಿಗೆ ಬಿಡುವು ಕೊಡಬಹುದು. ಟ್ಯೂನಾ ಹಿಡಿಯುವವರಿಗೆ ನ್ಯಾಯವಾದ ಬೆಲೆ, ಮಂಜುಗಡ್ಡೆ, ಸಾಗಣೆಯ ಅನುಕೂಲ ಒದಗಿಸಿದರೆ ಅವರು ದಿಬ್ಬದ ಕಡೆಗೆ ದೋಣಿ ತಿರುಗಿಸುವ ಅನಿವಾರ್ಯತೆ ಕಡಿಮೆಯಾಗುತ್ತದೆ. ಇವೆಲ್ಲವನ್ನೂ ದ್ವೀಪದ ಮೀನುಗಾರರನ್ನು ಕೂರಿಸಿಕೊಂಡೇ ತೀರ್ಮಾನಿಸಬೇಕು. ದಿಬ್ಬವನ್ನು ಇಷ್ಟು ಕಾಲ ಉಳಿಸಿದವರು ಅವರೇ. ಬಿಸಿಯಾಗುತ್ತಿರುವ ಸಮುದ್ರವನ್ನು ತಣಿಸುವುದು ಅವರ ಕೈಯಲ್ಲಿಲ್ಲ, ಒಂದು ರಾಜ್ಯದ ಕೈಯಲ್ಲಿಯೂ ಇಲ್ಲ. ಬಿಸಿ ಇಳಿದ ಮೇಲೆ ಹವಳ ಚೇತರಿಸಿಕೊಳ್ಳಲು ಬೇಕಾದ ಮೀನುಗಳನ್ನು ಉಳಿಸಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ.

ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲ ನೀರಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿಯ ಬಂಡೆಗಳ ಮೇಲೂ ಹವಳಗಳಿವೆ, ಗಿಳಿಮೀನುಗಳಿವೆ, ಗ್ರೂಪರ್‌ಗಳಿವೆ. ಮುಳುಗುಡುಗೆ ತೊಟ್ಟು ಅವುಗಳನ್ನು ನೋಡಲು ಹೋಗುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಮೀನುಗಾರಿಕೆ ಇಲಾಖೆಯ ವರದಿಗಳಲ್ಲಿ ಮೀನು ಟನ್ನುಗಳ ಲೆಕ್ಕದಲ್ಲಿ ಬರುತ್ತದೆ. ಯಾವ ಮೀನು ಯಾರೊಡನೆ ಮೇಯುತ್ತಿತ್ತು, ಅದು ಹೋದರೆ ಉಳಿದವುಗಳ ಊಟವೇನಾಗುತ್ತದೆ ಎಂಬುದಕ್ಕೆ ಆ ಕೋಷ್ಟಕದಲ್ಲಿ ಜಾಗವಿಲ್ಲ. ಆ ಜಾಗವನ್ನು ಮಾಡಿಕೊಡುವುದು ಇಲಾಖೆಗೆ ಕಷ್ಟದ ಕೆಲಸವೇನಲ್ಲ. ಮೀನುಗಳು ಒಂದನ್ನೊಂದು ನೋಡಿಕೊಂಡು ಬದುಕುತ್ತವೆ ಎಂಬುದು ಈಗ ಸಾಬೀತಾದ ಸಂಗತಿ. ಅವುಗಳನ್ನು ಹಿಡಿಯುವ, ಮಾರುವ, ತಿನ್ನುವ ನಾವು ಅದನ್ನು ತಿಳಿದ ಮೇಲೂ ಹಳೆಯ ಲೆಕ್ಕವನ್ನೇ ಮುಂದುವರಿಸುವುದು ಸರಿಯಲ್ಲ.